ಇಂದಿರಾನಗರದ ವಾಸ: ಅದರ ಅನುಕೂಲಗಳೂ ಪ್ರತಿಕೂಲಗಳೂ

ಒಂದು ಸ್ಥಳವು ವಾಸಕ್ಕೆ ಯೋಗ್ಯವೋ ಅಲ್ಲವೋ ಎಂದು ಹೇಳುವುದಕ್ಕೆ ಮುಂಚೆ, ಅಲ್ಲಿ ವಾಸಿಸತಕ್ಕವರು ಯಾರೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ. ಬೆಂಗಳೂರು ದಂಡಿಗೆ ಪೂರ್ವದಲ್ಲಿ, ಹಲಸೂರಿನ ಆಚೆಗಿರುವ ಇಂದಿರಾನಗರದ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅಲ್ಲಿ ಮಗಳಿಗೆ ಹಿತವಾದದ್ದು ತಾಯಿಗೆ ಕಷ್ಟವಾಗಿರುವುದನ್ನು ಒಂದೇ ಮನೆಯಲ್ಲಿ ಕಾಣಬಹುದು.

ಈ ಬಡಾವಣೆಯು 1970ರ ದಶಕದಲ್ಲಿ ಬೆಳೆಯತೊಡಗಿತು. ಅದಕ್ಕೆ ಪೂರ್ವದಲ್ಲಿ ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ ಮೊದಲಾದ ಗ್ರಾಮಗಳಿದ್ದವು. ಅವುಗಳ ಹೆಸರುಗಳೂ ಇಕ್ಕಟ್ಟಾದ ಬೀದಿಗಳೂ ಈಗಲೂ ಉಳಿದಿವೆ. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯು ಸಮೀಪದಲ್ಲಿದ್ದುದರಿಂದ ಅಲ್ಲಿಯ ನೌಕರರೂ, ಸೇನೆಯಿಂದ ನಿವೃತ್ತರಾದವರೂ ಇಲ್ಲಿ ನಿವೇಶನ ಪಡೆದು, ಅಂಗಳದಲ್ಲಿ ಹೂವಿನ ಗಿಡಗಳನ್ನೂ ಹಿತ್ತಲಲ್ಲಿ ತೆಂಗನ್ನೂ ಬೆಳೆಸಿದರು. ನೂರಡಿ ರಸ್ತೆ, ಎಂಬತ್ತಡಿ ರಸ್ತೆ ಎಂಬ ಹೆಸರುಗಳೇ ಬೀದಿಗಳ ಅಗಲಕ್ಕೆ ಸಾಕ್ಷಿಯಾಗಿವೆ.

ಈ ಅಗಲವೇ ಮುಂದಿನ ತೊಂದರೆಗೆ ಕಾರಣವಾಯಿತೆಂಬುದು ನಮ್ಮ ಅಭಿಪ್ರಾಯ. ಅಗಲವಾದ ಬೀದಿಗೆ ಅಂಗಡಿ ಬಂದಿತು. ಅಂಗಡಿಯ ಬೆನ್ನಿಗೆ ಉಪಾಹಾರಗೃಹ, ಅದರ ಬೆನ್ನಿಗೆ ಪಾನಗೃಹ. ನೆಂಟರಿಷ್ಟರು ಬಂದರೆ ಬಂಡಿ ನಿಲ್ಲಿಸಲು ಸ್ಥಳವಿಲ್ಲ. ರಾತ್ರಿಯ ಸಂಗೀತದ ಗದ್ದಲದಿಂದ ವೃದ್ಧರಿಗೆ ನಿದ್ರೆ ಬಾರದೆ, ನಿವಾಸಿಗಳು ನ್ಯಾಯಾಲಯದವರೆಗೂ ಹೋಗಿದ್ದಾರೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಕಡೆಗೆ ಹೋದಾಗ ಆಕಾಶದ ಸದ್ದು ತಗ್ಗಿತೆಂದು ಸಂತೋಷಪಟ್ಟವರಿಗೆ ನೆಲದ ಸದ್ದು ಗಂಟುಬಿದ್ದಿತು!

ಇನ್ನು ಅನುಕೂಲದ ವಿಷಯ. 2011ನೆಯ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಯವರೆಗೆ ಮೆಟ್ರೋ ರೈಲು ಓಡಿತು. ಅದು ಹಾದುಹೋಗುವ ಸಿ.ಎಂ.ಎಚ್. ರಸ್ತೆಯ ವರ್ತಕರು ಮೊದಲು ಇದನ್ನು ಬಲವಾಗಿ ವಿರೋಧಿಸಿದ್ದರು. 2023ರಿಂದ ಅದೇ ಮಾರ್ಗವು ವೈಟ್‌ಫೀಲ್ಡಿನವರೆಗೂ ಹೋಗುತ್ತದೆ. ಉದ್ಯೋಗಕ್ಕೆ ಹೋಗುವ ಹೆಣ್ಣುಮಗಳು ಅಣ್ಣನನ್ನಾಗಲಿ ತಂದೆಯನ್ನಾಗಲಿ ಕಾಯದೆ, ಸಂಜೆ ದೀಪ ಹಚ್ಚಿದ ಮೇಲೆಯೂ ಒಬ್ಬಳೇ ಮನೆಗೆ ಬರಬಲ್ಲಳು. ಅವಳು ಇಳಿಯುವ ಬೀದಿಯಲ್ಲಿ ಅಂಗಡಿಗಳ ಬೆಳಕೂ ಜನಸಂಚಾರವೂ ಇರುತ್ತವೆ. ತಾಯಿಯ ನಿದ್ರೆ ಕೆಡಿಸಿದ ಜನಸಂದಣಿಯೇ ಮಗಳಿಗೆ ಕಾವಲಾಗಿದೆ. ಇದನ್ನು ಸಣ್ಣ ಲಾಭವೆಂದು ನಾವು ಎಣಿಸಲಾರೆವು.

ನೀರಿನ ಚಿಂತೆಯು ಬೆಂಗಳೂರಿಗೆಲ್ಲ ಸಾಮಾನ್ಯವಾದದ್ದು. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ ಏರಿ ಬರಬೇಕು. 2024ರ ಬೇಸಗೆಯಲ್ಲಿ ನಗರದ ಅನೇಕ ಕೊಳವೆಬಾವಿಗಳು ಬತ್ತಿದವು. ಬಾಡಿಗೆಯಂತೂ ಸಾಮಾನ್ಯ ಸಂಬಳದವರ ಕೈಗೆ ಮೀರಿದೆ. ಈ ಬಡಾವಣೆಯ ಮನೆಗಳಲ್ಲಿ ಅಡಿಗೆ, ಮುಸುರೆ ಮಾಡುವ ಸ್ತ್ರೀಯರಿಗೆ ಆ ಹಳೆಯ ಗ್ರಾಮಗಳ ಇಕ್ಕಟ್ಟು ಬೀದಿಗಳೂ ಈಗ ದುಬಾರಿಯಾಗುತ್ತಿವೆ. ಈ ಪ್ರತಿಕೂಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಗಳಿಗಾಗಿ ಅಲ್ಲಿ ಮನೆ ನೋಡಲು ಹೋಗುವ ತಂದೆತಾಯಿಗಳು ಭಾನುವಾರ ಬೆಳಿಗ್ಗೆ ಹೋಗದೆ, ಶನಿವಾರ ರಾತ್ರಿ ಹತ್ತು ಗಂಟೆಗೆ ಹೋಗಲಿ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಕೇಳಲಿ. ಕಾವೇರಿ ನೀರು ವಾರದಲ್ಲಿ ಯಾವ ದಿನ ಬರುತ್ತದೆಂಬುದನ್ನು ಮನೆಯ ಯಜಮಾನನಿಂದಲ್ಲ, ಪಕ್ಕದ ಮನೆಯಾಕೆಯಿಂದ ವಿಚಾರಿಸಲಿ.