ಹಬ್ಬದಲ್ಲಿ ಮಗುವಿನ ಕೈಗೇನು ಕೆಲಸ?

ಮಗಳೇ,

ಜೂನ್ ಹತ್ತಿರ ಬಂತು, ಲಿಸ್ಬನ್ ತುಂಬ ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದಾರೆ, ಮೂರು ಮಕ್ಕಳನ್ನೂ ಕರಕೊಂಡು ಯಾವ ಹಬ್ಬಕ್ಕೆ ಹೋಗಲಿ ದೊಡ್ಡಮ್ಮಾ ಅಂತ ಕೇಳಿದ್ದೀಯ. ಪುಟ್ಟನಿಗೆ ಎರಡು ವರ್ಷ, ಹುಡುಗಿಗೆ ಏಳು, ದೊಡ್ಡವನಿಗೆ ಹದಿನಾಲ್ಕು. ಮೊದಲೇ ಹೇಳಿಬಿಡುತ್ತೇನೆ, ಮೂವರಿಗೂ ಒಪ್ಪುವ ಒಂದೇ ಹಬ್ಬ ಹುಡುಕಲು ಹೋಗಬೇಡ. ಯಾವುದು ಹೆಸರುವಾಸಿ ಅಂತಲೂ ನೋಡಬೇಡ. ಅಲ್ಲಿ ನಿನ್ನ ಮಗುವಿನ ಕೈಗೆ ಏನು ಕೆಲಸ ಸಿಗುತ್ತದೆ, ಅದು ನಡೆಯುವ ಹೊತ್ತಿಗೆ ಮಗು ಎಚ್ಚರವಾಗಿರುತ್ತದೆಯೇ, ಇವೆರಡನ್ನು ವಿಚಾರಿಸು. ಬರೀ ನೋಡಲು ಕರಕೊಂಡು ಹೋದ ಮಗು ಅರ್ಧ ಗಂಟೆಯಲ್ಲಿ ಹಟ ಹಿಡಿಯುತ್ತದೆ. ಕೈಗೊಂದು ಕೆಲಸ ಸಿಕ್ಕಿತೋ, ಮನೆಗೆ ಬಾ ಅಂದರೂ ಬರುವುದಿಲ್ಲ.

ನಿನ್ನ ಮನೆ ಬಾಗಿಲಲ್ಲೇ ಇರುವ ಸಾಂತೊ ಆಂಟೋನಿಯೊ ಹಬ್ಬವನ್ನೇ ತಗೋ. ಎಲ್ಲರೂ ಹೇಳುವುದು ಜೂನ್ 12ರ ರಾತ್ರಿಯ ಮಾತು. ಅವೆನಿದಾ ದ ಲಿಬೆರ್ದಾದೆಯಲ್ಲಿ ಕೇರಿ ಕೇರಿಯ ತಂಡಗಳ ಮೆರವಣಿಗೆ, ಅಲ್ಫಾಮಾದ ಓಣಿಗಳಲ್ಲಿ ಸಾರ್ಡೀನ್ ಮೀನು ಸುಡುವ ಹೊಗೆ, ಹಾಡು, ಬೆಳಗಿನ ಜಾವದವರೆಗೆ ಕುಣಿತ. ಆ ರಾತ್ರಿ ಅಲ್ಫಾಮಾದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೆಟ್ಟಿಲು ಮೆಟ್ಟಿಲಾದ ಓಣಿ, ನುಣುಪಾದ ಸಣ್ಣ ಕಲ್ಲಿನ ಹಾಸು. ಮಗುವಿನ ತಳ್ಳುಗಾಡಿ ಹತ್ತು ಹೆಜ್ಜೆ ಹೋಗದು. ಪುಟ್ಟನನ್ನು ಆ ರಾತ್ರಿ ಮನೆಯಲ್ಲೇ ಮಲಗಿಸು. ಅವನಿಗೆ ಬೇಕಾದ ಹಬ್ಬ ಅದಕ್ಕೂ ಮುಂಚೆ, ಬಿಸಿಲಿರುವಾಗಲೇ ಸಿಗುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಹೊತ್ತಿಗೆ. ಸಂಜೆ ಐದಕ್ಕೆ ಹೊರಟರೆ ತೋರಣ, ಅಕಾರ್ಡಿಯನ್ ವಾದ್ಯ, ಸಕ್ಕರೆ-ದಾಲ್ಚಿನ್ನಿ ಉದುರಿಸಿದ ಬಿಸಿ ಫಾರ್ತುರಾ ತಿಂಡಿ, ಎಲ್ಲವನ್ನೂ ಆರಾಮಾಗಿ ನೋಡಿ, ತಿಂದು, ಮಲಗುವ ಹೊತ್ತಿಗೆ ಮನೆ ಸೇರಬಹುದು. ಎದೆಗೆ ಕಟ್ಟಿಕೊಳ್ಳುವ ಚೀಲ ತಗೊಂಡು ಹೋಗು, ಗಾಡಿ ಮನೆಯಲ್ಲೇ ಇರಲಿ.

ಹೋದಲ್ಲಿ ಒಂದು ಮಂಜೆರಿಕೊ ಕುಂಡ ಕೊಂಡುಕೋ. ನಮ್ಮ ಕಾಮಕಸ್ತೂರಿಯದೇ ಜಾತಿ, ಎಲೆ ಮಾತ್ರ ತೀರ ಸಣ್ಣದು, ಗಿಡ ಚೆಂಡಿನಂತೆ ದುಂಡಗೆ ಬೆಳೆದಿರುತ್ತದೆ. ಅದಕ್ಕೊಂದು ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಬರೆದ ಪುಟ್ಟ ಬಾವುಟ ಸಿಕ್ಕಿಸಿರುತ್ತಾರೆ. ನೇರವಾಗಿ ಮೂಗಿಟ್ಟು ಮೂಸಿದರೆ ಗಿಡ ಬಾಡುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ಅಂಗೈಯನ್ನು ಗಿಡದ ಮೇಲೆ ಮೆಲ್ಲಗೆ ಆಡಿಸಬೇಕು, ಆಮೇಲೆ ಅಂಗೈ ಮೂಸಬೇಕು. ಎರಡು ವರ್ಷದವನಿಗೆ ಇದೇ ಪೂರ್ತಿ ಹಬ್ಬ. ಹತ್ತು ಸಲ ಸವರುತ್ತಾನೆ, ಹತ್ತು ಸಲ ಮೂಸುತ್ತಾನೆ, ಪ್ರತಿ ಸಲವೂ ನಿನ್ನ ಮೂಗಿಗೂ ಹಿಡಿಯುತ್ತಾನೆ.

ಏಳು ವರ್ಷದವಳಿಗೆ ಇದೇ ಹಬ್ಬದಲ್ಲಿ ಇನ್ನೂ ಒಳ್ಳೆಯ ಕೆಲಸವಿದೆ. ಲಿಸ್ಬನ್ ಮಕ್ಕಳು ಮನೆಬಾಗಿಲಲ್ಲಿ ಸಂತನಿಗೆ 'ತ್ರೋನು' ಕಟ್ಟುತ್ತಿದ್ದರು. ನಮ್ಮ ದಸರಾ ಗೊಂಬೆಯ ಹಾಗೆ ಮೆಟ್ಟಿಲು ಮಾಡಿ, ಬಣ್ಣದ ಕಾಗದ ಸುತ್ತಿ, ಮೇಲಿನ ಮೆಟ್ಟಿಲಲ್ಲಿ ಸಾಂತೊ ಆಂಟೋನಿಯೊ, ಕೆಳಗೆ ಹೂವು, ಮಂಜೆರಿಕೊ. ದಾರಿಹೋಕರ ಹತ್ತಿರ ಸಂತನ ಹೆಸರಲ್ಲಿ ಒಂದು ಬಿಡಿಕಾಸು ಕೇಳುವುದು. 1755ರ ಭೂಕಂಪದಲ್ಲಿ ಸಂತನ ಚರ್ಚು ಬಿದ್ದಾಗ ಅದನ್ನು ಮತ್ತೆ ಕಟ್ಟಲು ಮಕ್ಕಳು ಹೀಗೆ ಕಾಸು ಕೂಡಿಸಿದರು ಅನ್ನುತ್ತಾರೆ. ಈಗಲೂ ಹಳೆಯ ಕೇರಿಗಳಲ್ಲಿ ಬಾಗಿಲ ಪಕ್ಕ, ಕಿಟಕಿಯಲ್ಲಿ ತ್ರೋನು ಕಾಣುತ್ತದೆ. ಎರಡು ಶೂ ಡಬ್ಬಿ, ಅಂಟು, ಬಣ್ಣದ ಕಾಗದ ಕೊಟ್ಟು ಅವಳನ್ನು ಕೂರಿಸು. ಪಕ್ಕದ ಮನೆಯ ಅಜ್ಜಿಯರು ತಾವಾಗಿ ಬಂದು ಹೀಗಲ್ಲ ಹಾಗೆ ಅಂತ ಹೇಳಿಕೊಡುತ್ತಾರೆ. ಹೊಸ ಊರಿನಲ್ಲಿ ನೆರೆಹೊರೆ ಸಂಪಾದಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. 12ರ ಮೆರವಣಿಗೆಯನ್ನು ಅವಳು ಮನೆಯ ಟಿವಿಯಲ್ಲಿ ನೋಡಲಿ. 'ಆ ವೋಜ್ ದೊ ಒಪೆರಾರಿಯೊ' ಶಾಲೆಯ ಮಕ್ಕಳ ತಂಡವೂ ಅದರಲ್ಲಿ ಕುಣಿಯುತ್ತದೆ.

ಇನ್ನು ದೊಡ್ಡವನು. ಅವನಿಗೆ ಅಂಟು-ಕಾಗದ ಕೊಟ್ಟರೆ ಮುಖ ತಿರುಗಿಸುತ್ತಾನೆ, ತಿರುಗಿಸಬೇಕಾದ ವಯಸ್ಸೇ. ಅವನಪ್ಪ ಅವನೊಬ್ಬನನ್ನೇ ರೈಲಿನಲ್ಲಿ ಪೋರ್ಟೊಗೆ ಕರಕೊಂಡು ಹೋಗಲಿ, ಜೂನ್ 23ರ ರಾತ್ರಿಯ ಸಾಂವ್ ಜುವಾಂವ್ ಹಬ್ಬಕ್ಕೆ. ಆ ರಾತ್ರಿ ಇಡೀ ಊರಿನ ಕೈಯಲ್ಲೂ ಕೀ ಕೀ ಅನ್ನುವ ಪ್ಲಾಸ್ಟಿಕ್ ಸುತ್ತಿಗೆ. ಗುರುತು ಪರಿಚಯ ಇಲ್ಲದವರ ತಲೆಗೆ ಮೆತ್ತಗೆ ಒಂದು ಬಡಿಯುವುದು, ಅವರು ನಕ್ಕು ತಿರುಗಿ ಬಡಿಯುವುದು. ಸುತ್ತಿಗೆ ಬರುವ ಮೊದಲು ಉದ್ದ ದಂಟಿನ ಬೆಳ್ಳುಳ್ಳಿ ಹೂವಿನಿಂದ ತಟ್ಟುತ್ತಿದ್ದರು, ಈಗಲೂ ಕೆಲವು ಹಿರಿಯರು ಅದನ್ನೇ ಹಿಡಿದು ಬರುತ್ತಾರೆ. ನಡುರಾತ್ರಿ ದೌರೊ ನದಿಯ ಮೇಲೆ, ದೋನ್ ಲುಯಿಸ್ ಸೇತುವೆಯ ಹತ್ತಿರ ಬಾಣಬಿರುಸು. ಆಮೇಲೆ ಹುಡುಗರು ನದಿ ದಡ ಹಿಡಿದು ಸಮುದ್ರದವರೆಗೆ ನಡೆದು ಬೆಳಗು ಮಾಡುತ್ತಾರೆ. ಹದಿನಾಲ್ಕರ ಹುಡುಗ ಅಪ್ಪನ ಕಣ್ಣಿನ ಅಳತೆಯಲ್ಲೇ ಇದ್ದು, ತಾನು ದೊಡ್ಡವರ ಜೊತೆ ಸೇರಿದೆ ಅನ್ನಿಸಿಕೊಳ್ಳಲು ಹೇಳಿ ಮಾಡಿಸಿದ ರಾತ್ರಿ ಅದು. ಹೊರಡುವ ಮುಂಚೆ ಎರಡು ಮಾತು ಆಗಬೇಕು. ಜನಜಂಗುಳಿಯಲ್ಲಿ ಫೋನ್ ಸಿಗದೆ ಹೋದರೆ ಎಲ್ಲಿ ಬಂದು ನಿಲ್ಲಬೇಕು ಅನ್ನುವ ಜಾಗ ಹಗಲಿನಲ್ಲೇ ತೋರಿಸಿರಬೇಕು. ಬೀದಿ ಬೀದಿಯಲ್ಲೂ ಬಿಯರ್ ಮಾರುತ್ತಾರೆ, ಆ ದೇಶದ ಕಾನೂನಿನಲ್ಲಿ ಮದ್ಯಕ್ಕೆ 18 ತುಂಬಿರಬೇಕು, ಇದನ್ನು ಅಪ್ಪನೇ ನೇರವಾಗಿ ಮಗನ ಹತ್ತಿರ ಮಾತಾಡಲಿ. ಚಿಕ್ಕವರಿಬ್ಬರನ್ನೂ ಆ ರಾತ್ರಿಗೆ ಎಳೆದುಕೊಂಡು ಹೋಗಲು ಏನು ಅವಸರ? ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಅವರ ಸರದಿಯೂ ಬರುತ್ತದೆ.

ಹೆದರಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪೋರ್ಚುಗಲ್‌ನ ಬಹಳ ಸೊಗಸಾದ ಕೆಲವು ಹಬ್ಬಗಳು ಸಣ್ಣ ಮಕ್ಕಳ ನಿದ್ದೆ ಕೆಡಿಸುವಂಥವು. ಕಾರ್ನಿವಲ್ ಹೊತ್ತಿಗೆ ಈಶಾನ್ಯದ ಪೊದೆನ್ಸೆ ಹಳ್ಳಿಯಲ್ಲಿ ಕರೆತೊಗಳು ಬರುತ್ತಾರೆ. ಕೆಂಪು ಹಸಿರು ಹಳದಿ ಉಣ್ಣೆಯ ಜೂಲು ಜೂಲಿನ ವೇಷ, ಚೂಪು ಮೂಗಿನ ಮುಖವಾಡ, ಸೊಂಟದ ಸುತ್ತ ದನಕ್ಕೆ ಕಟ್ಟುವ ಗಂಟೆ. ಓಡಿ ಬಂದು ಹೆಂಗಸರನ್ನು ಹಿಡಿದು ಗಂಟೆ ತಾಗುವಂತೆ ಸೊಂಟ ಕುಲುಕುತ್ತಾರೆ. 2019ರಲ್ಲಿ ಯುನೆಸ್ಕೊ ಈ ಆಚರಣೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡವನಿಗೆ ಖಂಡಿತ ತೋರಿಸು. ಅವರ ಹಿಂದೆ ಅದೇ ವೇಷದ ಚಿಕ್ಕ ಹುಡುಗರ ಹಿಂಡೂ ಓಡುತ್ತದೆ, ಫಕಾನಿತೊ ಅನ್ನುತ್ತಾರೆ ಅವರನ್ನು. ಆ ಹುಡುಗರು ಹುಟ್ಟಿದಾಗಿನಿಂದ ಅದನ್ನು ಕಂಡವರು, ನಿನ್ನ ಪುಟ್ಟ ಕಂಡವನಲ್ಲ. ಬ್ರಾಗಾದ ಪವಿತ್ರ ವಾರದಲ್ಲಿ ಬರಿಗಾಲಿನಲ್ಲಿ ಕಪ್ಪು ಮುಸುಕು ಹಾಕಿ ನಡೆಯುವ ಫರಿಕೊಕೊಗಳಿಗೂ ಇದೇ ಮಾತು.

ವಿಯಾನಾ ದೊ ಕಾಸ್ತೆಲೊದ ಆಗಸ್ಟ್ ಹಬ್ಬದಲ್ಲಿ ದೈತ್ಯ ಗೊಂಬೆಗಳೂ ದೊಡ್ಡ ತಲೆಯ ಕುಳ್ಳರೂ ನಗಾರಿ ಬಡಿತಕ್ಕೆ ಕುಣಿಯುತ್ತಾರೆ. ಏಳು ವರ್ಷದವಳು ಅವರ ಹಿಂದೆಯೇ ಹೋಗುತ್ತಾಳೆ. ಪುಟ್ಟ ಅಳಬಹುದು, ಅದಕ್ಕೆ ಅವನ ಕಿವಿಗೆ ಮುಚ್ಚಳದಂಥ ಹೆಡ್‌ಫೋನ್ ಹಾಕಿ ದೂರದಿಂದ ತೋರಿಸು. ಕುಣಿತ ಮುಗಿದು ಗೊಂಬೆಯನ್ನು ನೆಲಕ್ಕಿಳಿಸಿದಾಗ ಒಳಗಿನಿಂದ ಬೆವರು ಒರೆಸಿಕೊಳ್ಳುತ್ತಾ ಹೊರಬರುವ ಮನುಷ್ಯನನ್ನು ಅವನಿಗೆ ತೋರಿಸಲೇಬೇಕು.

ಕಾರ್ನಿವಲ್ ಬೇಕೇ ಬೇಕು ಅಂದರೆ ಲಿಸ್ಬನ್‌ಗೆ ಹತ್ತಿರದ ತೊರ್ರೆಸ್ ವೆದ್ರಾಸ್ ಇದೆ. ಅಲ್ಲಿ ಶಾಲಾ ಮಕ್ಕಳದೇ ಹಗಲು ಮೆರವಣಿಗೆ ಶುಕ್ರವಾರ ಇರುತ್ತದೆ, ಅದಕ್ಕೆ ಹೋಗು. ರಾತ್ರಿಯದು ಕುಡಿತದ ಗದ್ದಲ.

ಓಬಿದೊಸ್‌ನ ಮಧ್ಯಯುಗದ ಸಂತೆಯನ್ನು ಎಲ್ಲರೂ ಮಕ್ಕಳಿಗೆ ಒಳ್ಳೆಯದು ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಬಾಡಿಗೆ ವೇಷ, ಕುದುರೆ ಸವಾರರ ಈಟಿ ಕಾಳಗ, ಮರದ ಕತ್ತಿ. ಆದರೆ ಆ ಊರಿನ ಕೋಟೆ ಗೋಡೆಯ ಮೇಲಿನ ನಡೆದಾರಿಗೆ ಒಳಬದಿಯಲ್ಲಿ ಕಂಬಿ ಇಲ್ಲ. ಒಂದು ಕಡೆ ಎದೆಮಟ್ಟದ ಗೋಡೆ, ಇನ್ನೊಂದು ಕಡೆ ಬರಿ ಅಂಚು, ಕೆಳಗೆ ಮನೆಗಳ ಹೆಂಚು. ಕಲ್ಲು ಸವೆದು ಜಾರುತ್ತದೆ, ಎದುರಿನಿಂದ ಬರುವವರಿಗೆ ದಾರಿ ಬಿಡಬೇಕು. ಮರದ ಕತ್ತಿ ಹಿಡಿದ ಏಳು ವರ್ಷದ ಹುಡುಗಿಯನ್ನು ಅಲ್ಲಿ ಹತ್ತಿಸಬೇಡ, ಎಷ್ಟು ಗೋಗರೆದರೂ. ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ನಡೆಯುವ ಕ್ರಿಸ್ಮಸ್ ಮೇಳ ಚಿಕ್ಕವರಿಗೆ ಇನ್ನೂ ಹಿತ.

ನನ್ನನ್ನು ಕೇಳಿದರೆ ಮೂವರನ್ನೂ ಒಟ್ಟಿಗೆ ಕೂರಿಸುವುದು ನವೆಂಬರ್ ತಿಂಗಳು. ಯಾವ ಪ್ರವಾಸಿಯೂ ಅದಕ್ಕಾಗಿ ಬರುವುದಿಲ್ಲ. ನವೆಂಬರ್ 1ರ ಬೆಳಿಗ್ಗೆ ನಿಮ್ಮ ಕಡೆಯ ಊರುಗಳಲ್ಲಿ ಮಕ್ಕಳು ಬಟ್ಟೆ ಚೀಲ ಹಿಡಿದು 'ಪಾಂವ್ ಪೊರ್ ದೇವುಸ್' ಅಂತ ಮನೆಮನೆಗೆ ಹೋಗುತ್ತಾರೆ, ದೇವರ ಹೆಸರಲ್ಲಿ ರೊಟ್ಟಿ. ಒಣ ಅಂಜೂರ, ಅಕ್ರೋಟು, ಮಿಠಾಯಿ ಚೀಲಕ್ಕೆ ಬೀಳುತ್ತವೆ. ಚೀಲವನ್ನು ಮನೆಯಲ್ಲೇ ಹೊಲಿದುಕೊಡು. ಅದೇ ತಿಂಗಳ ಹನ್ನೊಂದಕ್ಕೆ ಸಾಂವ್ ಮಾರ್ತಿನ್ಯೊ ಹಬ್ಬ. ಮಳೆ ಗಾಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಸೈನಿಕ ಮಾರ್ಟಿನ್ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ, ಆಗ ಮಳೆ ನಿಂತು ಬಿಸಿಲು ಬಂತು ಅನ್ನುವ ಕಥೆಯನ್ನು ಹುಡುಗಿ ಶಾಲೆಯಲ್ಲೇ ಕಲಿತು ಬಂದು ಹೇಳುತ್ತಾಳೆ. ಆ ದಿನ ಚೆಸ್ಟ್‌ನಟ್ ಸುಡುತ್ತಾರೆ. ಸುಡುವ ಮುಂಚೆ ಒಂದೊಂದರ ಸಿಪ್ಪೆಗೂ ಗೀರು ಹಾಕಬೇಕು, ಇಲ್ಲದಿದ್ದರೆ ಸಿಡಿಯುತ್ತವೆ. ಅದು ದೊಡ್ಡವನ ಕೆಲಸ. ಕಾಗದದ ಪೊಟ್ಟಣ ಸುತ್ತುವುದು ಹುಡುಗಿಯದು. ಮಸಿ ಹಿಡಿದ ಬೆರಳಿನಿಂದ ಎಲ್ಲರ ಕೆನ್ನೆಗೂ ಬಳಿಯುವುದು ಪುಟ್ಟನದು. ಅವನ ಬಾಯಿಗೆ ಮಾತ್ರ ಇಡೀ ಕಾಯಿ ಕೊಡಬೇಡ, ಹಿಸುಕಿ ಕೊಡು, ಗಂಟಲಿಗೆ ಸಿಕ್ಕೀತು.

ನಾವು ಮೀನು ಮಾಂಸ ತಿನ್ನದವರು, ಹಸಿದು ಬರುತ್ತೇವಾ ಅಂತ ಚಿಂತೆ ಬೇಡ. ಕಾಲ್ದು ವೆರ್ದೆ ಸೊಪ್ಪಿನ ಸೂಪಿನಲ್ಲಿ ಹಂದಿಮಾಂಸದ ತುಂಡು ತೇಲಿಸುತ್ತಾರೆ, ಕೇಳದೆ ತಗೋಬೇಡ. ಮೆಕ್ಕೆಜೋಳದ ಬ್ರೋವಾ ರೊಟ್ಟಿ, ದಾಲ್ಚಿನ್ನಿ ಹಾಕಿದ ಅರೋಜ್ ದೋಸ್ ಅನ್ನುವ ಅಕ್ಕಿ ಪಾಯಸ ಎಲ್ಲ ಕಡೆ ಸಿಗುತ್ತದೆ. ಪುಟ್ಟನಿಗೆ ಮೊಸರನ್ನದ ಡಬ್ಬಿ ಇದ್ದೇ ಇರಲಿ.

ಇನ್ನೊಂದು ಕೆಲಸ ಈ ವಾರವೇ ಮಾಡು. ಪಿಎಸ್‌ಪಿ ಪೊಲೀಸರು 'ಎಸ್ತೊ ಅಕಿ' ಅನ್ನುವ ಕೈಪಟ್ಟಿಯನ್ನು ಚಿಕ್ಕ ಮಕ್ಕಳಿಗೆ ಪುಕ್ಕಟೆ ಕೊಡುತ್ತಾರೆ. ಮಗು ತಪ್ಪಿಸಿಕೊಂಡರೆ ಕಂಡವರು 112ಕ್ಕೆ ಫೋನ್ ಮಾಡಿ ಪಟ್ಟಿಯ ಮೇಲಿನ ಕೋಡ್ ಹೇಳಿದರೆ ಸಾಕು, ನಿನಗೆ ಕರೆ ಬರುತ್ತದೆ. ಚಿಕ್ಕವರಿಬ್ಬರಿಗೂ ಕಟ್ಟಿಸು.

ಮುಂದಕ್ಕೆ ನೆನಪಿಟ್ಟುಕೊಳ್ಳಲು ಇನ್ನೊಂದು ಹಬ್ಬವಿದೆ. ತೊಮಾರ್‌ನ ತಬುಲೈರೊ ಹಬ್ಬ ನಾಲ್ಕು ವರ್ಷಕ್ಕೊಮ್ಮೆ. ಕಳೆದದ್ದು 2023ರ ಜುಲೈಯಲ್ಲಿ ಆಯಿತು, ಆ ಲೆಕ್ಕದಲ್ಲಿ ಮುಂದಿನದು 2027. ಹೆಣ್ಣುಮಕ್ಕಳು ತಮ್ಮಷ್ಟೇ ಎತ್ತರಕ್ಕೆ ಮೂವತ್ತು ರೊಟ್ಟಿ, ಕಾಗದದ ಹೂವು ಪೋಣಿಸಿದ ತಟ್ಟೆ ಹೊತ್ತು ನಡೆಯುತ್ತಾರೆ. ನೀನು ಆ ದೊಡ್ಡ ಮೆರವಣಿಗೆಗೆ ಹೋಗಬೇಡ, ಅದಕ್ಕೂ ಮುಂಚಿನ ಭಾನುವಾರ ಶಾಲಾ ಮಕ್ಕಳು ಚಿಕ್ಕ ತಟ್ಟೆ ಹೊತ್ತು ನಡೆಯುವ 'ಕೊರ್ತೇಜು ದೊಸ್ ರಪಾಜೆಸ್' ನೋಡು. ಜನ ಕಡಿಮೆ, ಹುಡುಗಿಗೆ ತನ್ನ ಓರಗೆಯವರೇ ಕಾಣುತ್ತಾರೆ. ಲಿಸ್ಬನ್ನಿನಿಂದ ರೈಲಿಗೆ ಎರಡು ಗಂಟೆ. ನೆರಳಿರುವ ಬದಿಯ ಬೀದಿ ಹಿಡಿದು ನಿಲ್ಲಿ, ಜುಲೈ ಬಿಸಿಲು ಅಲ್ಲಿ ಸುಡುತ್ತದೆ.

ನಿನ್ನ ದೊಡ್ಡಮ್ಮ