ಹರಳೆಣ್ಣೆ: ಮಾಡಬೇಕಾದ್ದು, ಮಾಡಬಾರದ್ದು

ಬ್ರೂಕ್‌ಫೀಲ್ಡ್‌ನ ಎಲ್ಲ ಮನೆಗಳಿಗೆ. ಬಸುರಿ, ಬಾಣಂತಿ, ಹಸುಗೂಸು, ನಾಯಿ ಇರುವ ಮನೆಯವರು ಈಗಲೇ ಓದಿ.

ವಿಷ ಇರುವುದು ಹರಳಿನಲ್ಲಿ ಮತ್ತು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ. ಅದರ ಹೆಸರು ರೈಸಿನ್. ಅದು ನೀರಿನಲ್ಲಿ ಕರಗುವ ಪ್ರೋಟೀನು, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಸರಿಯಾಗಿ ತೆಗೆದು ಸೋಸಿದ ಎಣ್ಣೆಯಲ್ಲಿ ವಿಷವಿಲ್ಲ. ಹರಳನ್ನು ಜಗಿದು ನುಂಗಿದರೆ ಕೆಲವೇ ಕಾಳು ಮಗುವಿನ ಪ್ರಾಣ ತೆಗೆಯಬಲ್ಲವು. ಇದಕ್ಕೆ ಪ್ರತಿವಿಷವಿಲ್ಲ.

ಮಗು ಹರಳು ತಿಂದಿದ್ದರೆ

ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆಯಿರಿ.
108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.
ತಿಂದ ಹರಳಿನ ಚೂರು ಅಥವಾ ಗಿಡದ ಒಂದು ಎಲೆಯನ್ನು ಜೊತೆಗೆ ಒಯ್ಯಿರಿ.
ದಾರಿಯಲ್ಲಿ ಏಮ್ಸ್ ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡಿ: 1800 116 117.
ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ.
ಮಗು ಆಡಿಕೊಂಡಿದೆಯೆಂದು ಕಾಯುವುದು ಬೇಡ. ವಾಂತಿ, ರಕ್ತಭೇದಿ ಶುರುವಾಗಲು ಗಂಟೆಗಳೇ ಹಿಡಿಯಬಹುದು.

ಮಾಡಬೇಕಾದ್ದು

ಎಣ್ಣೆಯನ್ನು ಮೈಗೆ, ತಲೆಗೆ, ಒಡೆದ ಹಿಮ್ಮಡಿಗೆ ಹಚ್ಚಿ.
ಮಗುವಿನ ನೆತ್ತಿಗೆ ಬೆರಳ ತುದಿಯಿಂದ ತೆಳ್ಳಗೆ ಸವರಿ.
ಯುಗಾದಿ, ದೀಪಾವಳಿಯ ಎಣ್ಣೆಸ್ನಾನಕ್ಕೆ ಮುಂಚೆ ಬಾತ್‌ರೂಮಿನ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಹರಳೆಣ್ಣೆಯ ಜಿಡ್ಡು ಬೇಗ ಹೋಗುವುದಿಲ್ಲ.
ಹುಳ ಬೀಳದಂತೆ ಎಣ್ಣೆ ಸವರಿಟ್ಟ ತೊಗರಿಬೇಳೆಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಬೇಯಿಸಿ.
ಹೊಟ್ಟೆಗೆ ತೆಗೆದುಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ.
ಔಷಧಿಗೆ ಬೇಕಾದರೆ ಮೆಡಿಕಲ್ ಶಾಪಿನಲ್ಲಿ ಕೊಳ್ಳಿ. ಬಾಟಲಿಯ ಮೇಲೆ ‘ಐ.ಪಿ.’ ಎಂದು ಇರುವುದನ್ನು ನೋಡಿ.

ಊರಿನಿಂದ ಎಣ್ಣೆ ಬಂದರೆ ಹೇಗೆ ತೆಗೆದರೆಂದು ಕೇಳಿ. ಹಳೆಯ ಕ್ರಮ ಗಟ್ಟಿಯಾದದ್ದು: ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರು ಹಾಕಿ ಬಹಳ ಹೊತ್ತು ಕುದಿಸುತ್ತಾರೆ. ಮೇಲೆ ತೇಲಿದ ಎಣ್ಣೆಯನ್ನಷ್ಟೇ ಸೌಟಿನಲ್ಲಿ ತೆಗೆದು, ನೀರಿನಂಶ ಪೂರ್ತಿ ಹಿಂಗಿ ಚಟಪಟ ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಪ್ರೋಟೀನಾದ ರೈಸಿನ್ ಆ ಕುದಿಯಲ್ಲಿ ಕೆಡುತ್ತದೆ. ನಮ್ಮ ಅಜ್ಜಿಯಂದಿರು ಈ ಯಾವ ಹಂತವನ್ನೂ ಬಿಡುತ್ತಿರಲಿಲ್ಲ.

ತಳದಲ್ಲಿ ಗಸಿ ಕಂಡ ಎಣ್ಣೆಯನ್ನು ಚೆಲ್ಲಿ.
ಎಣ್ಣೆ ತೆಗೆಯುವುದೇ ಆದರೆ ಅಂಗಳದಲ್ಲಿ, ಬೇರೆ ಒರಳಿನಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ.
ಖಾಲಿ ಸೈಟು, ರಾಜಕಾಲುವೆಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಹರಳುಗಿಡವನ್ನು ಕಾಯಿ ಬಲಿಯುವ ಮುಂಚೆ ಕೀಳಿಸಿ.
ಮನೆಗೆಲಸದವರಿಗೆ, ಮಗು ನೋಡಿಕೊಳ್ಳುವ ಅಕ್ಕನಿಗೆ, ಪಕ್ಕದ ಶೆಡ್‌ಗಳಲ್ಲಿರುವ ಕಟ್ಟಡ ಕೆಲಸದವರಿಗೆ ಇದನ್ನು ಓದಿ ಹೇಳಿ. ರಾಯಚೂರು, ಕಲಬುರಗಿ ಕಡೆಯವರಿಗೆ ‘ಔಡಲ’ ಎಂದರೆ ತಿಳಿಯುತ್ತದೆ.

ಮಾಡಬಾರದ್ದು

ಮಗುವಿನ ಮೂಗಿಗೆ ಎಣ್ಣೆ ಬಿಡಬಾರದು. ಸ್ನಾನ ಮಾಡಿಸುವ ಅಜ್ಜಿ ಎಷ್ಟೇ ಅನುಭವಸ್ಥರಾಗಿರಲಿ, ಬಿಡಬಾರದು. ನುಣುಪಾದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೂ ಕೂಸಿಗೆ ಕೆಮ್ಮು ಬಾರದೆ ಇರಬಹುದು. ಅಲ್ಲಿ ನಿಂತ ಎಣ್ಣೆ ನ್ಯುಮೋನಿಯಾ ತರುತ್ತದೆ, ಕೂಸು ಸಾಯಬಹುದು.
ಕಿವಿಗೆ ಹಾಕಬಾರದು.
ಕಣ್ಣಿಗೆ ಹಾಕಬಾರದು, ಹರಳೆಣ್ಣೆ ದೀಪದ ಕಾಡಿಗೆಯೂ ಬೇಡ.
ಹೊಟ್ಟೆ ಶುದ್ಧಿಯಾಗಲೆಂದು ಕೂಸಿಗೆ ಒಂದು ಹನಿಯನ್ನೂ ನೆಕ್ಕಿಸಬಾರದು.
ದೊಡ್ಡ ಮಕ್ಕಳಿಗೂ ತಿಂಗಳಿಗೊಮ್ಮೆ ಭೇದಿ ಮಾಡಿಸುವುದು ಬೇಡ.

ಬಸುರಿ ಕುಡಿಯಬಾರದು. ದಿನ ತುಂಬಿದ್ದರೂ, ಹೆರಿಗೆ ಬೇಗ ಆಗಲೆಂದು ಯಾರು ಹೇಳಿದರೂ ಬೇಡ. ಹರಳೆಣ್ಣೆಯ ರಿಸಿನೋಲಿಕ್ ಆಮ್ಲ ಕರುಳನ್ನು ಹಿಂಡುವ ಹಾಗೆಯೇ ಗರ್ಭಕೋಶವನ್ನೂ ಹಿಂಡುತ್ತದೆ. ಎರಡೂ ಕಡೆ ಅದು ಹಿಡಿಯುವುದು ಒಂದೇ ಗ್ರಾಹಕವನ್ನು (ರಿಸೆಪ್ಟರ್) ಎಂದು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳಲ್ಲಿ ತೋರಿಸಿದರು.

ಕಾರಣ ತಿಳಿಯದ ಹೊಟ್ಟೆನೋವಿಗೆ ಕುಡಿಯಬಾರದು. ಅಪೆಂಡಿಕ್ಸ್ ಆಗಿದ್ದರೆ ಒಡೆಯಬಹುದು.
ಪೇಂಟ್, ಗ್ರೀಸ್ ಕಾರ್ಖಾನೆಗಳಿಗೆಂದು ಡಬ್ಬದಲ್ಲಿ ಬರುವ ಅಗ್ಗದ ಎಣ್ಣೆ ಮನೆಗೆ ಬೇಡ.
ಹರಳನ್ನು ಚಟ್ನಿ ರುಬ್ಬುವ ಮಿಕ್ಸಿಗೆ ಹಾಕಬಾರದು.
ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ, ಬಾಲ್ಕನಿಯಲ್ಲಿ ಕುಟ್ಟಬಾರದು. ಅದರ ಧೂಳು ಉಬ್ಬಸ ತರುತ್ತದೆ.
ಬರಿದೆ ಹುರಿದ ಹರಳಿನಲ್ಲಿ ವಿಷ ಹೋಯಿತೆಂದು ನಂಬಬಾರದು.
ಹರಳು ಅರೆದ ಗಾಣದಲ್ಲೇ ತೆಗೆದ ಕಡಲೆಕಾಯಿ ಎಣ್ಣೆಯನ್ನು ಕೊಳ್ಳಬಾರದು.
ಬಣ್ಣದ ಚುಕ್ಕೆಯ ಹರಳನ್ನು ಮಕ್ಕಳ ಆಟಕ್ಕೆ, ಮಣಿಸರಕ್ಕೆ ಕೊಡಬಾರದು.
ಹಿಂಡಿಯನ್ನು ಹಸುವಿಗೆ ಹಾಕಬಾರದು.

ನಾಯಿ ಇರುವ ಮನೆಯಲ್ಲಿ, ನಾಯಿ ಓಡಾಡುವ ಅಪಾರ್ಟ್‌ಮೆಂಟಿನ ತೋಟದಲ್ಲಿ ಹರಳು ಹಿಂಡಿಯ ಗೊಬ್ಬರ ಹಾಕಬಾರದು. ಮಣ್ಣಿನಲ್ಲಿ ಹೂತರೂ ಬೇಡ: ನಾಯಿ ವಾಸನೆ ಹಿಡಿದು, ಕೆದಕಿ ತಿನ್ನುತ್ತದೆ. ನರ್ಸರಿಯಿಂದ ತಂದ ‘ಸಾವಯವ’ ಚೀಲದಲ್ಲಿ ಏನೇನು ಬೆರೆತಿದೆ ಎಂದು ಓದದೆ ಕುಂಡಕ್ಕೆ ಸುರಿಯಬಾರದು.
ನಾಯಿ ತಿಂದದ್ದು ಕಂಡರೆ ವಾಂತಿಯಾಗುವವರೆಗೆ ಕಾಯುವುದು ಬೇಡ. ಪಶುವೈದ್ಯರಲ್ಲಿಗೆ ಆಗಲೇ ಒಯ್ಯಿರಿ.
ಉಳಿದ ಹಿಂಡಿಯ ಚೀಲವನ್ನು ಮೆಟ್ಟಿಲ ಕೆಳಗೆ, ಕಾರ್ ಪಾರ್ಕಿಂಗ್ ಮೂಲೆಯಲ್ಲಿ ಇಡಬಾರದು.