ಪುಕ್ಕಟೆ ಸರಕು, ಪ್ರಾಮಾಣಿಕ ಮಾತು: ಆನ್‌ಲೈನ್ ರಿವ್ಯೂ ಕುರಿತು ಒಂದು ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ನಾವು ಮಾರ್ಕೆಟಿಂಗ್ ಪಾಠವನ್ನೂ ಓದುತ್ತೇವೆ, ಗ್ರಾಹಕರ ರಕ್ಷಣೆಯ ಪಾಠವನ್ನೂ ಓದುತ್ತೇವೆ. ಮೊದಲನೆಯದು ಮಾರುವವರ ಕಡೆಯಿಂದ, ಎರಡನೆಯದು ಕೊಳ್ಳುವವರ ಕಡೆಯಿಂದ. ಈ ಎರಡೂ ಕಡೆಯವರು ಎದುರುಬದುರಾಗುವ ಜಾಗವೇ ಆನ್‌ಲೈನ್ ಅಂಗಡಿಯ ರಿವ್ಯೂ.

ಕಮಠಾಣದಲ್ಲಿ ಒಂದು ಮಿಕ್ಸರ್ ಕೊಳ್ಳಬೇಕಾದರೆ ಮೊದಲು ಪಕ್ಕದ ಮನೆಯವರನ್ನು ಕೇಳುತ್ತೇವೆ: ಎಷ್ಟು ದಿನ ಬಂತು? ಸದ್ದು ಜಾಸ್ತಿಯೇ? ಆನ್‌ಲೈನ್‌ನಲ್ಲಿ ಕೊಳ್ಳುವಾಗ ಕೇಳಲು ಪಕ್ಕದ ಮನೆಯವರಿಲ್ಲ. ಅವರ ಜಾಗದಲ್ಲಿ ರಿವ್ಯೂ ಇರುತ್ತದೆ. ಆದರೆ ಹೊಸದಾಗಿ ಬಂದ ಸರಕಿಗೆ ರಿವ್ಯೂ ಇರುವುದಿಲ್ಲ. ರಿವ್ಯೂ ಇಲ್ಲದ್ದನ್ನು ಜನ ಕೊಳ್ಳುವುದಿಲ್ಲ. ಕೊಳ್ಳದಿದ್ದರೆ ರಿವ್ಯೂ ಬರುವುದಿಲ್ಲ.

ಈ ಗಂಟು ಬಿಡಿಸಲು ಅಮೆಜಾನ್ ಕಂಪನಿ 2007ರಲ್ಲಿ ಅಮೆರಿಕದಲ್ಲಿ ‘ವೈನ್’ ಎಂಬ ಯೋಜನೆ ಆರಂಭಿಸಿತು. ಅದರ ಕ್ರಮ ಹೀಗಿದೆ. ಮಾರಾಟಗಾರರು ಸರಕಿನ ಕೆಲವು ನಗಗಳನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಕಂಪನಿ ತಾನೇ ಆರಿಸಿದ ಗ್ರಾಹಕರಿಗೆ ಅವುಗಳನ್ನು ಕಳಿಸುತ್ತದೆ. ಅವರು ಬಳಸಿ ನೋಡಿ ಅಭಿಪ್ರಾಯ ಬರೆಯುತ್ತಾರೆ. ಹೊಗಳಲೇಬೇಕೆಂಬ ಷರತ್ತಿಲ್ಲ. ಬರೆದದ್ದನ್ನು ಮಾರಾಟಗಾರ ತಿದ್ದುವಂತಿಲ್ಲ. ಪುಕ್ಕಟೆ ಪಡೆದ ಸರಕಿನ ರಿವ್ಯೂ ಇದು ಎಂಬ ಗುರುತು ಅದರ ಮೇಲೆಯೇ ಇರುತ್ತದೆ. ಈ ಯೋಜನೆಯ ಹೊರಗೆ ಸರಕು ಕೊಟ್ಟು ರಿವ್ಯೂ ಬರೆಸುವುದನ್ನು, ಪುಸ್ತಕಗಳನ್ನು ಹೊರತುಪಡಿಸಿ, ಅದೇ ಕಂಪನಿ 2016ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು.

ಸೇರುವುದು ಹೇಗೆ?

ಇದಕ್ಕೆ ಅರ್ಜಿ ಇಲ್ಲ, ಶುಲ್ಕವೂ ಇಲ್ಲ. ಗ್ರಾಹಕರು ಹಿಂದೆ ಬರೆದ ರಿವ್ಯೂಗಳು ಇತರರಿಗೆ ಎಷ್ಟು ಉಪಯೋಗವಾದವು ಎಂಬುದನ್ನು ನೋಡಿ ಕಂಪನಿಯೇ ಆಹ್ವಾನ ಕಳಿಸುತ್ತದೆ. ನಮ್ಮ ವಯಸ್ಸಿನವರು ಇನ್ನೊಂದು ಮಾತು ನೆನಪಿಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ನನಗೀಗ ಹದಿನೇಳು. ಹಾಗಾಗಿ ಮನೆಗೆ ತರಿಸುವ ಸಾಮಾನೆಲ್ಲ ಅಬ್ಬಾ ಅವರ ಖಾತೆಯಿಂದಲೇ ಬರುತ್ತದೆ.

ಉಪಯೋಗವಾಗುವ ರಿವ್ಯೂ ಎಂದರೇನು? ನಮ್ಮ ಬೀದರಿನ ಬಿದ್ರಿ ಡಬ್ಬಿಯನ್ನೇ ತೆಗೆದುಕೊಳ್ಳಿ. ‘ಚೆನ್ನಾಗಿದೆ, ಬೇಗ ಬಂತು’ ಎಂದು ಬರೆದರೆ ಡಬ್ಬಿಯ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಬಿದ್ರಿ ಪಾತ್ರೆಯನ್ನು ಸತು ಮತ್ತು ತಾಮ್ರದ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಗೀರು ಕೊರೆದು ಅದರಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಬಲ್ಲವರು ಬರೆಯುವ ರಿವ್ಯೂ ಬೇರೆಯೇ ಆಗಿರುತ್ತದೆ: ಡಬ್ಬಿಯ ತೂಕ ಎಷ್ಟು, ಬೆಳ್ಳಿ ಗೀರಿನೊಳಗೆ ಕೂತಿದೆಯೋ ಮೇಲೆ ಬಣ್ಣ ಬಳಿದಿದ್ದಾರೋ, ಕಪ್ಪು ಎಲ್ಲ ಕಡೆ ಸಮನಾಗಿದೆಯೋ, ಮುಚ್ಚಳ ಸರಿಯಾಗಿ ಕೂಡುತ್ತದೆಯೋ. ದೂರದ ಊರಿನಲ್ಲಿ ಕೂತು ಕೊಳ್ಳುವವರಿಗೆ ಬೇಕಾದದ್ದು ಇದೇ.

ಸುಳ್ಳು ರಿವ್ಯೂವಿನ ಲೆಕ್ಕ

ಒಂದು ಸರಕಿಗೆ 10 ಜನ ನಿಜವಾದ ಗ್ರಾಹಕರು ಸರಾಸರಿ 3 ನಕ್ಷತ್ರ ಕೊಟ್ಟಿದ್ದಾರೆ ಎಂದುಕೊಳ್ಳಿ. ಒಟ್ಟು 30. ಮಾರಾಟಗಾರ ಹಣ ಕೊಟ್ಟು 20 ಜನರಿಂದ 5 ನಕ್ಷತ್ರ ಹಾಕಿಸಿದ. ಅದು 100. ಈಗ 30 ಜನರಿಂದ 130, ಅಂದರೆ ಸರಾಸರಿ 4.33. ಸರಕು ಒಂದಿಷ್ಟೂ ಬದಲಾಗಲಿಲ್ಲ, ಅಂಕ ಮಾತ್ರ ಏರಿತು. ಆ ಅಂಕ ನಂಬಿ ಹಣ ಕೊಟ್ಟವರಿಗೂ ನಷ್ಟ, ಪ್ರಾಮಾಣಿಕವಾಗಿ ಮಾರುವ ಪಕ್ಕದ ವ್ಯಾಪಾರಿಗೂ ನಷ್ಟ.

ಇದಕ್ಕಾಗಿಯೇ ನಮ್ಮ ದೇಶದಲ್ಲಿ ನಿಯಮಗಳಿವೆ. ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 19000:2022 ಎಂಬ ಮಾನದಂಡ ಬಂತು. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಪರಿಶೀಲಿಸಬೇಕು, ಪ್ರಕಟಿಸಬೇಕು ಎಂಬುದು ಅದರ ವಿಷಯ.

ಪುಕ್ಕಟೆ ಎಂಬುದಕ್ಕೂ ಲೆಕ್ಕವಿದೆ. ವೃತ್ತಿ ಅಥವಾ ವ್ಯವಹಾರದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಲಾಭ ಅಥವಾ ವಸ್ತು ಕೊಟ್ಟರೆ 10 ಶೇಕಡಾ ಟಿಡಿಎಸ್ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು. ಪ್ರಚಾರಕ್ಕೆಂದು ಪಡೆದ ಫೋನನ್ನು ಹಿಂತಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ ಎಂದು ತೆರಿಗೆ ಇಲಾಖೆ ಆಗಲೇ ವಿವರಿಸಿದೆ.

ಆಹ್ವಾನವೋ, ಗಾಳವೋ?

ಈ ಲೇಖನ ಬರೆಯಲು ಮುಖ್ಯ ಕಾರಣ ಇಲ್ಲಿದೆ. ಕೆಲವು ತಿಂಗಳ ಹಿಂದೆ ನಮ್ಮ ಖಾಲಾ ಅವರ ಮಗಳ ಫೋನಿಗೆ ಒಂದು ಸಂದೇಶ ಬಂತು: ಮನೆಯಲ್ಲೇ ಕೂತು ರಿವ್ಯೂ ಬರೆಯಿರಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿರಿ. ಮೊದಲ ಕೆಲಸಕ್ಕೆ 150 ರೂಪಾಯಿ ಖಾತೆಗೆ ಬಂದೂಬಿಟ್ಟಿತು. ಮರುದಿನ ‘ದೊಡ್ಡ ಕೆಲಸ’ಕ್ಕೆ 2,000 ರೂಪಾಯಿ ಮುಂಗಡ ಕೇಳಿದರು. “ಆಪಾ, ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು” ಎಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ ಆ ನಂಬರನ್ನು ಬ್ಲಾಕ್ ಮಾಡಿದಳು. ಅದು ಅವಳ ಹೊಲಿಗೆ ಮಷೀನಿಗೆಂದು ಕೂಡಿಟ್ಟ ಹಣವಾಗಿತ್ತು.

ಹೀಗೆ ಮೊದಲು ಚಿಲ್ಲರೆ ಕೊಟ್ಟು ನಂಬಿಸಿ ಆಮೇಲೆ ದೊಡ್ಡ ಮೊತ್ತ ಕಸಿಯುವ ಜಾಲಕ್ಕೆ ಸೇರಿದ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಮುಚ್ಚಿಸಿತು. ವ್ಯತ್ಯಾಸ ತಿಳಿಯಲು ಮೂರು ಪ್ರಶ್ನೆ ಸಾಕು:

1. ಸೇರಲು ಅಥವಾ ಮುಂದುವರಿಯಲು ಹಣ ಕೇಳುತ್ತಾರೆಯೇ?
2. ಸರಕು ಕೈಗೆ ಬರುವ ಮೊದಲೇ ಅಥವಾ ಬಾರದೆಯೇ 5 ನಕ್ಷತ್ರ ಹಾಕಲು ಹೇಳುತ್ತಾರೆಯೇ?
3. ಪುಕ್ಕಟೆ ಪಡೆದದ್ದನ್ನು ಮುಚ್ಚಿಡಲು ಹೇಳುತ್ತಾರೆಯೇ?

ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ದೂರ ಇರಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಮನೆಯ ಹಿರಿಯರಿಗೆ ಹೇಳಿ, ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ರಿವ್ಯೂ ಬರೆಯಲು ಆಹ್ವಾನ ಬರುವವರೆಗೆ ಕಾಯಬೇಕಿಲ್ಲ. ಮನೆಯವರು ತರಿಸಿದ ಸಾಮಾನನ್ನು ಒಂದು ವಾರ ಬಳಸಿ, ಒಳ್ಳೆಯದೊಂದು, ಕೊರತೆಯೊಂದು, ಇದ್ದದ್ದು ಇದ್ದ ಹಾಗೆ ಅವರ ಖಾತೆಯಿಂದಲೇ ಅವರ ಜೊತೆ ಕೂತು ನಾಲ್ಕು ಸಾಲು ಬರೆಯಿರಿ. ಎಲ್ಲೋ ಒಬ್ಬ ತಾಯಿ ಅದನ್ನು ಓದಿ ತನ್ನ ಹಣ ಎಲ್ಲಿ ಹಾಕಬೇಕೆಂದು ನಿರ್ಧರಿಸುತ್ತಾಳೆ.